ಮಂದಕಾಲದ ಎರಡು ಬಗೆ: ಹಾರೋಹಳ್ಳಿ ಸೀಮೆಯ ಗಣಕಯಂತ್ರ ದುರಸ್ತಿಯ ಕಸುಬನ್ನು ಕುರಿತು

ಪ್ರದೇಶವೊಂದರ ಆರ್ಥಿಕ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬೆಳೆದುದನ್ನು, ಮಾರಿದುದನ್ನು, ತೆರಿಗೆಯಾಗಿ ಸಂದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವರು. ಕೆಲಸವಿಲ್ಲದೆ ಕುಳಿತ ದಿನಗಳ ಲೆಕ್ಕ ದಾಖಲೆಗಳಲ್ಲಿ ಸಿಕ್ಕುವುದು ಅಪೂರ್ವ. ಆದರೆ ಸಣ್ಣ ಕಸುಬುದಾರನ ಅಳಿವು ಉಳಿವುಗಳು ನಿರ್ಧಾರವಾಗುವುದು ಆ ದಿನಗಳಲ್ಲಿಯೇ. ಗಿರಾಕಿಗಳು ಬರುತ್ತಿರುವಾಗ ಕುಶಲನೂ ಅಕುಶಲನೂ ಹೇಗೋ ಬಾಳುವರು. ಗಿರಾಕಿ ಬಾರದಿರುವಾಗ ಅಂಗಡಿಯ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಕೆಲಸದ ಹುಡುಗನ ಸಂಬಳ ಇವು ಮಾತ್ರ ತಪ್ಪದೆ ಬರುವುವು. ವ್ಯಾಪಾರಿಗಳು ‘ಡಲ್’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಈ ಸ್ಥಿತಿಯನ್ನು ನಾವು ಇಲ್ಲಿ ಮಂದಕಾಲವೆಂದು ಕರೆಯೋಣ. ಹಾರೋಹಳ್ಳಿಯಂತಹ ಊರಿನ ಸಣ್ಣ ಗಣಕಯಂತ್ರ ದುರಸ್ತಿಯ ಅಂಗಡಿಗಳು ಇದನ್ನು ಹೇಗೆ ದಾಟುತ್ತವೆ ಎಂಬುದನ್ನು, ಅದೇ ಸೀಮೆಯ ಹಳೆಯ ಕಸುಬುಗಳ ಪಕ್ಕದಲ್ಲಿಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮಂದಕಾಲವು ಒಂದೇ ಬಗೆಯದಲ್ಲ, ಎರಡು ಬಗೆಯದು. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ ಎಂಬುದೇ ಇಲ್ಲಿ ಪ್ರತಿಪಾದಿಸಬೇಕೆಂದಿರುವ ಅಂಶ.

ಹಾರೋಹಳ್ಳಿಯು ಬೆಂಗಳೂರಿನಿಂದ ದಕ್ಷಿಣಕ್ಕೆ, ಕನಕಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ಬಹುಕಾಲ ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದು ಇತ್ತೀಚಿನ ವರ್ಷಗಳಲ್ಲಿ ತಾನೇ ತಾಲ್ಲೂಕು ಕೇಂದ್ರವಾಗಿದೆ. ೨೦೦೭ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಕೂಡಿಸಿ ರಚಿಸಿದ ರಾಮನಗರ ಜಿಲ್ಲೆಗೆ ಇದು ಸೇರಿತ್ತು. ಆ ಜಿಲ್ಲೆಗೆ ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನಿಡಲಾಯಿತು. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಕೈಗಾರಿಕಾ ಪ್ರದೇಶ, ವೃತ್ತಿಶಿಕ್ಷಣದ ಕಾಲೇಜುಗಳು ಇವು ನಾಲ್ಕೂ ಒಂದೆರಡು ಹರಿದಾರಿಯೊಳಗೆ ಸೇರಿರುವುದು ಈ ಊರಿನ ವೈಶಿಷ್ಟ್ಯ. ದುರಸ್ತಿಯ ಅಂಗಡಿಗೆ ಬರುವವರೂ ಈ ನಾಲ್ಕು ಕಡೆಗಳವರೇ ಎಂಬುದನ್ನು ಮುಂದಿನ ವಿವೇಚನೆಗಾಗಿ ನೆನಪಿಡಬೇಕು.

ಮೊದಲು ಈ ಸೀಮೆಯ ಹಳೆಯ ಕಸುಬುಗಳನ್ನು ನೋಡೋಣ. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಚನ್ನಪಟ್ಟಣದಲ್ಲಿ ಗಾಜಿನ ಕೆಲಸವನ್ನೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯ ತಯಾರಿಕೆಯನ್ನೂ ಕಂಡು ವರ್ಣಿಸಿರುವನು. ಆ ತಂತಿಯು ದೂರದೂರದ ಪ್ರಾಂತಗಳಿಗೆ ಹೋಗುತ್ತಿತ್ತು. ಮುಂದೆ ಬಿ. ಎಲ್. ರೈಸರ ಗೆಜೆಟಿಯರಿನಲ್ಲಿಯೂ ಚನ್ನಪಟ್ಟಣದ ಹೆಸರಿನೊಡನೆ ಈ ತಂತಿ ಮತ್ತು ಅರಗಿನ ಬಣ್ಣದ ಮರದ ಸಾಮಾನುಗಳ ಉಲ್ಲೇಖವಿದೆ. ಇಂದು ಚನ್ನಪಟ್ಟಣವೆಂದರೆ ಬೊಂಬೆಗಳ ಊರು. ತಂತಿಯ ಮಾತನ್ನು ಅಲ್ಲಿನ ಬೀದಿಗಳಲ್ಲಿ ಆಡುವವರೇ ವಿರಳ. ಒಂದೇ ಊರು, ಒಂದೇ ಹೆದ್ದಾರಿ. ಆದರೂ ಎರಡು ಕಸುಬುಗಳಲ್ಲಿ ಒಂದು ಅಳಿದು ಇನ್ನೊಂದು ಉಳಿಯಿತು. ಬೊಂಬೆಯ ಕೆಲಸಗಾರರಿಗೆ ಕಷ್ಟಗಳು ಕಡಿಮೆಯಿದ್ದುವೆಂದಲ್ಲ. ಹೊರದೇಶದ ಅಗ್ಗದ ಆಟಿಕೆಗಳು ಬಂದಾಗ ಅವರೂ ಕಂಗೆಟ್ಟರು. ಆದರೆ ಅದೇ ಆಲೆಮರ, ಅದೇ ಅರಗು, ಅದೇ ಕಡೆಯುವ ಯಂತ್ರ ಇವುಗಳಿಂದ ಮಣಿ, ಬಳೆ, ಮನೆಯ ಅಲಂಕಾರದ ವಸ್ತುಗಳನ್ನು ಮಾಡಲು ಹಲವರು ಕಲಿತರು. ಕೈಯ ವಿದ್ಯೆಯನ್ನು ಬಿಡದೆ ವಸ್ತುವನ್ನು ಬದಲಾಯಿಸಿದರು. ೨೦೦೫–೦೬ರ ಸಾಲಿನಲ್ಲಿ ಈ ಬೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆಯಿತು.

ರೇಷ್ಮೆಯ ನಿದರ್ಶನವು ಇನ್ನೂ ಸ್ಪಷ್ಟವಾದುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಪ್ರೋತ್ಸಾಹ ಪಡೆದು ಮೈಸೂರು ಸೀಮೆಯಲ್ಲಿ ನೆಲೆಗೊಂಡ ಈ ಕಸುಬು ಕನಕಪುರ, ರಾಮನಗರ, ಮಾಗಡಿಗಳಲ್ಲಿ ಇಂದಿಗೂ ಸಾವಿರಾರು ಮನೆಗಳ ಆಧಾರ. ಇದರಲ್ಲಿ ಮಂದಕಾಲವು ವರ್ಷ ವರ್ಷವೂ ಬರುವುದು. ಮಳೆಗಾಲದ ತೇವದಲ್ಲಿ ಗೂಡಿನ ಗುಣ ಕುಗ್ಗುವುದು, ನೂಲು ಸರಾಗವಾಗಿ ಬಿಚ್ಚದು, ಬೆಲೆ ಇಳಿಯುವುದು. ರೈತನು ಗೂಡನ್ನು ಬಚ್ಚಿಟ್ಟು ಒಳ್ಳೆಯ ಬೆಲೆಗೆ ಕಾಯುವಂತಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದು ಬಂದರೆ ಸರಕೇ ಹಾಳು. ಆದ್ದರಿಂದ ರೈತನೂ ನೂಲು ಬಿಚ್ಚುವ ರೀಲರನೂ ಸಾಲ, ನಂಬಿಕೆ ಮತ್ತು ಉಪಕಸುಬುಗಳ ಬಲದಿಂದ ಈ ಕಾಲವನ್ನು ದಾಟುವರು. ಇದು ಮೊದಲನೆಯ ಬಗೆ, ಋತುವಿನ ಮಂದಕಾಲ. ಆದರೆ ೧೯೩೦ರ ದಶಕದ ಆರಂಭದಲ್ಲಿ ಬಂದ ಇಳಿತ ಬೇರೆ ಜಾತಿಯದು. ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟು, ಜಪಾನು ಚೀನಗಳ ಅಗ್ಗದ ರೇಷ್ಮೆ, ಕೃತಕ ರೇಷ್ಮೆಯ ಪೈಪೋಟಿ ಇವು ಒಟ್ಟಿಗೆ ಬಂದೆರಗಿದುವು. ಮಳೆ ನಿಲ್ಲುವವರೆಗೆ ಕಾಯುವ ಉಪಾಯ ಅಲ್ಲಿ ನಡೆಯುವಂತಿರಲಿಲ್ಲ. ಸುಂಕ ಮಂಡಲಿಯ ವಿಚಾರಣೆ ನಡೆದು ೧೯೩೪ರಲ್ಲಿ ರಕ್ಷಣಾಸುಂಕ ಜಾರಿಗೆ ಬಂದುದು ಇದರಿಂದಲೇ. ಇದು ಎರಡನೆಯ ಬಗೆ. ಇದನ್ನು ತಲೆಮಾರಿನ ಮಂದಕಾಲವೆನ್ನಬಹುದು. ಇದನ್ನು ಒಬ್ಬ ಕಸುಬುದಾರನು ತನ್ನ ಮಿತವ್ಯಯದಿಂದ ಮಾತ್ರ ದಾಟಲಾರನು.

ಈ ಭೇದವನ್ನು ಮನಸ್ಸಿನಲ್ಲಿಟ್ಟು ಗಣಕಯಂತ್ರದ ದುರಸ್ತಿಗೆ ಬರೋಣ. ಇದು ಹೊಸ ಕಸುಬಾದರೂ ಇದಕ್ಕೆ ವಂಶಾವಳಿ ಉಂಟು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸು ಪಡೆಯಬೇಕಾಗಿದ್ದ ಕಾಲದಿಂದಲೂ ಸಣ್ಣ ಪಟ್ಟಣಗಳಲ್ಲಿ ರೇಡಿಯೋ ರಿಪೇರಿಯ ಅಂಗಡಿಗಳಿದ್ದುವು. ೧೯೮೧ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಟೀವಿಯ ದುರಸ್ತಿಯೂ ಆ ಅಂಗಡಿಗಳನ್ನು ಸೇರಿಕೊಂಡಿತು. ದೊಡ್ಡ ಗಣಕಯಂತ್ರಗಳ ವಿಷಯದಲ್ಲಿ ಭಾರತ ಸರಕಾರವು ೧೯೭೫ರಲ್ಲಿ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ೧೯೭೮ರಲ್ಲಿ ಐಬಿಎಂ ಕಂಪನಿಯು ದೇಶವನ್ನು ಬಿಟ್ಟಾಗ ಆ ಕಂಪನಿಯ ಯಂತ್ರಗಳ ಪೋಷಣೆಯ ಹೊಣೆ ಈ ಸಂಸ್ಥೆಯ ಮೇಲೆ ಬಿತ್ತು. ತಯಾರಿಸಿದವನು ಹೊರಟುಹೋದ ಮೇಲೂ ಯಂತ್ರವನ್ನು ನಡೆಯಿಸಬಲ್ಲವನು ದುರಸ್ತಿಗಾರನೇ ಎಂಬುದು ನಮ್ಮ ದೇಶಕ್ಕೆ ಆಗ ಮನದಟ್ಟಾಯಿತು. ೧೯೮೪ರ ನೂತನ ಗಣಕಯಂತ್ರ ನೀತಿ, ೧೯೯೧ರ ಆರ್ಥಿಕ ಸುಧಾರಣೆ ಇವುಗಳಿಂದ ಯಂತ್ರಗಳು ಅಗ್ಗವಾದುವು. ೨೦೦೨ರ ವೇಳೆಗೆ ‘ಭೂಮಿ’ ಯೋಜನೆಯು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ತಾಲ್ಲೂಕು ಕಚೇರಿಗಳಲ್ಲಿ ಅವನ್ನು ಕೊಡುವಂತೆ ಮಾಡಿದಾಗ, ಹಳ್ಳಿಯ ರೈತನಿಗೂ ಯಂತ್ರದ ಮುಖಪರಿಚಯವಾಯಿತು. ಶಾಲೆ, ಸಹಕಾರ ಸಂಘ, ಫೋಟೋ ಸ್ಟುಡಿಯೋ, ಲಗ್ನಪತ್ರಿಕೆಯ ಮುದ್ರಕರು ಇವರೆಲ್ಲರೂ ಯಂತ್ರ ಕೊಂಡರು. ಕೊಂಡ ಯಂತ್ರ ಕೆಡುವುದು ಸಹಜವಾದುದರಿಂದ ದುರಸ್ತಿಗಾರನೂ ಹೋಬಳಿ ಪಟ್ಟಣಕ್ಕೆ ಬಂದನು.

ಈ ಅಂಗಡಿಗೂ ರೈತನಂತೆ ಒಂದು ಪಂಚಾಂಗವಿದೆ. ಮಾರ್ಚಿಯಲ್ಲಿ ಲೆಕ್ಕಪತ್ರಗಳ ವರ್ಷ ಮುಗಿಯುವುದರಿಂದ ಕಚೇರಿಗಳ ಯಂತ್ರಗಳಿಗೆ ಅವಸರದ ಕೆಲಸ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ ಮೋಡೆಮ್, ಪವರ್ ಸಪ್ಲೈ, ಮದರ್‌ಬೋರ್ಡುಗಳು ಸುಟ್ಟುಹೋಗುವುವು. ಜೂನಿನಲ್ಲಿ ಶಾಲೆಗಳು ತೆರೆಯುವ ಮೊದಲು ಪ್ರಯೋಗಾಲಯಗಳನ್ನು ಸಜ್ಜುಗೊಳಿಸಬೇಕಾಗುವುದು. ಬಳಿಕ ಆಷಾಢ. ಮದುವೆಗಳಿಲ್ಲ, ಆದುದರಿಂದ ಸ್ಟುಡಿಯೋಗಳಿಗೂ ಪತ್ರಿಕೆ ಮುದ್ರಿಸುವವರಿಗೂ ಕೆಲಸವಿಲ್ಲ, ಶುಭವಲ್ಲವೆಂದು ಹೊಸ ಯಂತ್ರವನ್ನು ಕೊಳ್ಳುವವರೂ ಕಡಿಮೆ. ಆಯುಧಪೂಜೆಯ ಮುನ್ನ ಯಂತ್ರಗಳ ಧೂಳು ತೆಗೆಸಿ ಕುಂಕುಮ ಇಡಿಸುವವರಿಂದ ಮತ್ತೆ ಚೇತರಿಕೆ. ಧನುರ್ಮಾಸದಲ್ಲಿ ಮತ್ತೆ ಇಳಿತ. ಇಲ್ಲಿ ರೇಷ್ಮೆ ಸೀಮೆಯ ಒಂದು ಅನುಕೂಲವನ್ನು ಗಮನಿಸಬೇಕು. ರಾಗಿಯ ಹಣ ವರ್ಷಕ್ಕೊಮ್ಮೆ ಬಂದರೆ, ನೀರಾವರಿಯ ತೋಟವಿರುವವನಿಗೆ ಗೂಡಿನ ಹಣ ವರ್ಷದಲ್ಲಿ ಐದಾರು ಬಾರಿ ಬರುವುದು. ‘ಗೂಡು ಮಾರಿದ ಮೇಲೆ ಕೊಡುತ್ತೇನೆ’ ಎಂಬ ವಾಯಿದೆಗೆ ಅಂಗಡಿಯವನು ಒಪ್ಪುವುದಾದರೆ, ಅದು ದೀರ್ಘಕಾಲದ ಸಾಲವಲ್ಲವೆಂಬ ತಿಳಿವಳಿಕೆಯಿಂದಲೇ.

ಋತುವಿನ ಮಂದಕಾಲಕ್ಕೆ ದುರಸ್ತಿಗಾರರು ಕಂಡುಕೊಂಡ ಉಪಾಯಗಳು ಮುಖ್ಯವಾಗಿ ಮೂರು. ಮೊದಲನೆಯದು ವಾರ್ಷಿಕ ನಿರ್ವಹಣೆಯ ಒಪ್ಪಂದ. ಶಾಲೆ, ಸೊಸೈಟಿ, ಸಣ್ಣ ಕಾರ್ಖಾನೆಗಳಿಂದ ವರ್ಷಕ್ಕಿಷ್ಟೆಂದು ಹಣ ಗೊತ್ತುಮಾಡಿಕೊಂಡು, ಬಿಡುವಿನ ತಿಂಗಳುಗಳಲ್ಲಿ ಅಲ್ಲಿಗೆ ಹೋಗಿ ಯಂತ್ರಗಳನ್ನು ಶುಚಿ ಮಾಡಿ ಬರುವುದು. ಇದರಿಂದ ಆದಾಯವೂ ಶ್ರಮವೂ ವರ್ಷದುದ್ದಕ್ಕೆ ಹಂಚಿಹೋಗುವುವು. ಎರಡನೆಯದು ಕೆಟ್ಟ ಯಂತ್ರಗಳ ಸಂಗ್ರಹ. ಗೂಡಿನಂತೆ ಬಿಡಿಭಾಗ ಕೊಳೆಯುವುದಿಲ್ಲ. ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ, ಎಂದರೆ ಎಲ್ಲರೂ ಹೇಳುವ ಎಸ್. ಪಿ. ರೋಡಿನಲ್ಲಿ, ಸಿಕ್ಕದ ಹಳೆಯ ಭಾಗವೊಂದು ಅಂಗಡಿಯ ಅಟ್ಟದಲ್ಲಿ ಸಿಕ್ಕುವುದುಂಟು. ಬಿಡುವಿನಲ್ಲಿ ಸತ್ತ ಬೋರ್ಡುಗಳ ಮೇಲೆ ಕೈಯಾಡಿಸಿ ಬೆಸುಗೆಯನ್ನು ಕಲಿಯುವ ಹುಡುಗನಿಗೆ ಆ ಅಟ್ಟವೇ ಪಾಠಶಾಲೆ. ಮೂರನೆಯದು ಉಪಕಸುಬು: ಜೆರಾಕ್ಸು, ಕನ್ನಡ ಟೈಪಿಂಗು, ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿ, ಟಿಕೆಟ್ಟು, ಮೊಬೈಲಿನ ಸಣ್ಣ ರಿಪೇರಿ. ಮೊದಲೆರಡು ಉಪಾಯಗಳು ವಿದ್ಯೆಯನ್ನು ಬೆಳೆಸುವುವು. ಮೂರನೆಯದು ಹಸಿವನ್ನು ತಣಿಸುವುದು.

ಆದರೆ ಕಳೆದ ಹತ್ತು ವರ್ಷಗಳ ಇಳಿತವು ಪಂಚಾಂಗವನ್ನು ಅನುಸರಿಸುವುದಲ್ಲ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕುವ ಕೆಲಸವು ಕೆಲವು ವರ್ಷ ಒಳ್ಳೆಯ ಆದಾಯ ತಂದಿತು. ಹಾಕಿದ ಮೇಲೆ ಆ ಯಂತ್ರ ಮತ್ತೆ ಅಂಗಡಿಗೆ ಬರುವುದೇ ಅಪರೂಪವಾಯಿತು. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನೂ ಬೋರ್ಡಿಗೇ ಬೆಸೆದಿರುವುದರಿಂದ, ರಬ್ಬರಿನಿಂದ ತುದಿಯನ್ನು ಉಜ್ಜಿ ಯಂತ್ರಕ್ಕೆ ಜೀವ ತರುತ್ತಿದ್ದ ಹಳೆಯ ಚಾತುರ್ಯಕ್ಕೆ ಅಲ್ಲಿ ಎಡೆಯಿಲ್ಲ. ಗಣಕಯಂತ್ರದಲ್ಲಿ ಮಾಡುತ್ತಿದ್ದ ಅನೇಕ ಕೆಲಸಗಳನ್ನು ಫೋನೇ ಮಾಡುತ್ತದೆ. ೨೦೨೦ರ ಮಾರ್ಚಿಯ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದುವು. ಬಳಿಕ ಆನ್‌ಲೈನ್ ತರಗತಿಗಳಿಂದಾಗಿ ಮೂಲೆಗೆ ಬಿದ್ದಿದ್ದ ಯಂತ್ರಗಳೂ ಹೊರಬಂದು ದುರಸ್ತಿಗೆ ಸಾಲುಗಟ್ಟಿದುವು. ಆ ಏರಿಕೆ ಶಾಶ್ವತವೆಂದು ಸಾಲ ಮಾಡಿ ಸರಕು ತುಂಬಿದವರು ಪೆಟ್ಟು ತಿನ್ನಬೇಕಾಯಿತು. ೨೦೨೧ರ ಜನವರಿಯಲ್ಲಿ ನಮ್ಮ ಮೆಟ್ರೋ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಬಂದಿತು. ಬಿಡಿಭಾಗ ತರಲು ದುರಸ್ತಿಗಾರನಿಗೆ ಅನುಕೂಲವಾದಂತೆಯೇ, ಅವನನ್ನು ಬಿಟ್ಟು ನೇರವಾಗಿ ಪೇಟೆಗೆ ಹೋಗಲು ಗಿರಾಕಿಗೂ ಅನುಕೂಲವಾಯಿತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತಿತು. ಮುಂದಿನ ಆವೃತ್ತಿಗೆ ಬೇಕಾದ ಲಕ್ಷಣಗಳಿಲ್ಲದ ಹಳೆಯ ಯಂತ್ರಗಳು, ಒಳಗೆ ಯಾವ ದೋಷವೂ ಇಲ್ಲದೆ, ಹಳತೆನಿಸಿದುವು. ಕೆಟ್ಟುದನ್ನು ಸರಿಮಾಡುವವನಿಗೆ, ಕೆಡದೆಯೇ ತಿರಸ್ಕೃತವಾದ ಯಂತ್ರದ ಮುಂದೆ ಮಾಡಲು ಉಳಿದಿರುವುದು ಅಲ್ಪ.

ಇದು ತಲೆಮಾರಿನ ಮಂದಕಾಲ. ಇದಕ್ಕೆ ಅಂಗಡಿಗಳು ಋತುವಿನ ಮದ್ದನ್ನೇ ಕೊಡುತ್ತಿರುವುದು ಚಿಂತಿಸಬೇಕಾದ ವಿಷಯ. ಮೂರು ಉಪಾಯಗಳಲ್ಲಿ ಅತ್ಯಂತ ಸುಲಭವಾದುದು ಉಪಕಸುಬು. ಸರಕಾರದ ಸೇವೆಗಳು ಆನ್‌ಲೈನಿಗೆ ಬಂದಷ್ಟೂ ಅರ್ಜಿ ತುಂಬಿಸುವವರ ಸಾಲು ಬೆಳೆಯುವುದು. ಆಷಾಢವನ್ನು ದಾಟಲು ತಂದ ಜೆರಾಕ್ಸ್ ಯಂತ್ರವು ಮೊದಲು ಅಂಗಡಿಯ ಮೂಲೆಯನ್ನು, ಆಮೇಲೆ ಮುಂಭಾಗವನ್ನು, ಕೊನೆಗೆ ಬೋರ್ಡಿನ ಮೇಲಿನ ಹೆಸರನ್ನೇ ಹಿಡಿಯುವುದು. ಅಟ್ಟದ ಹಳೆಯ ಭಾಗಗಳು ಗುಜರಿಗೆ ಹೋಗುವುವು. ಬೆಸುಗೆ ಕಲಿಯಲು ಬಂದ ಹುಡುಗನು ಅರ್ಜಿ ತುಂಬಲು ಕಲಿತು ಹೊರಡುವನು. ಅಂಗಡಿ ಉಳಿಯಿತು, ಕಸುಬು ಹೋಯಿತು. ಇದನ್ನು ಅಂಗಡಿಯವನ ತಪ್ಪೆನ್ನುವುದು ನ್ಯಾಯವಲ್ಲ; ಬಾಡಿಗೆಯನ್ನು ಕಟ್ಟಬೇಕಾದವನು ಅವನೇ. ಆದರೆ ಚರಿತ್ರಕಾರನು ಅಂಗಡಿಯ ಉಳಿವನ್ನು ಕಸುಬಿನ ಉಳಿವೆಂದು ಭ್ರಮಿಸಬಾರದು.

ಹಾಗಾದರೆ ಈ ಕಸುಬು ಚನ್ನಪಟ್ಟಣದ ತಂತಿಯ ದಾರಿ ಹಿಡಿಯುವುದೋ ಬೊಂಬೆಯ ದಾರಿ ಹಿಡಿಯುವುದೋ? ಬೊಂಬೆಯ ಕೆಲಸಗಾರನು ಕೈಯ ವಿದ್ಯೆಯನ್ನು ಉಳಿಸಿಕೊಂಡು ವಸ್ತುವನ್ನು ಬದಲಾಯಿಸಿದನೆಂದು ಮೇಲೆ ಹೇಳಿದೆವು. ದುರಸ್ತಿಗಾರನಿಗೂ ಅಂಥ ವಸ್ತುಗಳಿಲ್ಲದಿಲ್ಲ: ಯುಪಿಎಸ್ಸು, ಸಿಸಿಟಿವಿ, ಸೌರವಿದ್ಯುತ್ತಿನ ಇನ್ವರ್ಟರು, ಕಾರ್ಖಾನೆಗಳ ನಿಯಂತ್ರಣ ಬೋರ್ಡುಗಳು ಇವೆಲ್ಲವೂ ಅದೇ ಬೆಸುಗೆಯ ಕಡ್ಡಿಗೆ, ಅದೇ ಮಲ್ಟಿಮೀಟರಿಗೆ ಒಗ್ಗುವಂಥವು. ಕೈಗಾರಿಕಾ ಪ್ರದೇಶವು ಪಕ್ಕದಲ್ಲಿಯೇ ಇರುವ ಹಾರೋಹಳ್ಳಿಗೆ ಇದು ಸಣ್ಣ ಅನುಕೂಲವಲ್ಲ. ಇನ್ನು, ತಲೆಮಾರಿನ ಮಂದಕಾಲದಲ್ಲಿ ೧೯೩೪ರಂತೆ ಹೊರಗಿನ ನೆರವೂ ಬೇಕು. ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರಲ್ಲಿ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆದು, ಬಿಡಿಭಾಗ ಮತ್ತು ದುರಸ್ತಿಯ ಮಾಹಿತಿಯನ್ನು ತಯಾರಕರು ಗ್ರಾಹಕರಿಗೆ ಒದಗಿಸಬೇಕೆಂಬ ದಿಕ್ಕಿನಲ್ಲಿ ಒಂದು ಹೆಜ್ಜೆಯಿಟ್ಟಿದೆ. ಅದು ಹೋಬಳಿಯ ಅಂಗಡಿಯ ಮೇಜಿನವರೆಗೆ ತಲಪಿದಾಗ ಮಾತ್ರ ಫಲ ಕಾಣಬಹುದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಉಕ್ಕಿನ ತಂತಿಯನ್ನು ಎಳೆಯುತ್ತಿದ್ದವರು ತಮ್ಮ ಕೊನೆಯ ವರ್ಷಗಳಲ್ಲಿ ಏನೇನು ಉಪಾಯ ಮಾಡಿದರು, ಯಾವಾಗ ಕೈಚೆಲ್ಲಿದರು ಎಂಬುದನ್ನು ಅವರ ಬಾಯಿಂದ ಕೇಳಲು ಈಗ ದಾರಿಯಿಲ್ಲ. ದುರಸ್ತಿಗಾರರ ವಿಷಯದಲ್ಲಿ ಇನ್ನೂ ಕಾಲ ಮಿಂಚಿಲ್ಲ. ಅವರ ಬಿಲ್ಲು ಪುಸ್ತಕಗಳು, ಸಾಲ ಬರೆದಿಟ್ಟ ಡೈರಿಗಳು, ಅಟ್ಟದ ಮೇಲಿನ ಯಂತ್ರಗಳು ಇಂದಿಗೂ ಅಲ್ಲಿವೆ. ಬಿಡುವಿನ ದಿನ ನೋಡಿಕೊಂಡು ಹೋದರೆ ಮಾತನಾಡಲು ಅವರಿಗೂ ವೇಳೆಯಿರುವುದು.