ವಠಾರದ ಮೀಟರು ಮತ್ತು ಬಾಡಿಗೆದಾರನ ಲೆಕ್ಕ



ದಾವಣಗೆರೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ನಂದಿಗುಡಿಗೆ ಬಂದಿದ್ದ. ಮಾತಿನ ನಡುವೆ, "ಸರ್, ಮೂರು ಮನೆ ಕಟ್ಟಿ ಬಾಡಿಗೆಗೆ ಕೊಡಬೇಕೆಂದಿದ್ದೇನೆ. ಒಂದೇ ಮೀಟರು ತೆಗೆದುಕೊಂಡು ಒಳಗೆ ಸಬ್ ಮೀಟರು ಹಾಕಿಸಿದರೆ ಸಾಲದೇ?" ಎಂದು ಕೇಳಿದ. ಸಾಲದು ಎಂದೆ. ಏಕೆ ಸಾಲದೆಂಬುದನ್ನು ನಿಮ್ಮೆಲ್ಲರಿಗೂ ತಿಳಿಸಬೇಕೆನಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯು ವಿದ್ಯುತ್ತನ್ನು ಒದಗಿಸುವವರ ಮತ್ತು ಬಳಸುವವರ ಸಂಬಂಧವನ್ನು ನಿಗದಿಪಡಿಸಿತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪಿತವಾಯಿತು. 1973ರಲ್ಲಿ ರಾಜ್ಯವು ಕರ್ನಾಟಕವೆನಿಸಿದ ಬಳಿಕ ಅದೇ ಎಲ್ಲರ ಬಾಯಲ್ಲಿ ಕೆ.ಇ.ಬಿ. ಆಯಿತು. ಪ್ರತಿ ಸಂಪರ್ಕಕ್ಕೂ ಒಂದು ಆರ್.ಆರ್. ಸಂಖ್ಯೆ, ಎಂದರೆ ಕಂದಾಯದ ವಹಿಯಲ್ಲಿನ ಸಂಖ್ಯೆ ಇರುತ್ತಿತ್ತು. ಆ ವಹಿಯಲ್ಲಿ ಯಾರ ಹೆಸರಿದೆಯೋ ಅವರೇ ಗ್ರಾಹಕರು. ಒಂದೇ ಸಂಖ್ಯೆಯ ಹಿಂದೆ ಏಳು ಒಲೆ ಉರಿಯುತ್ತಿದ್ದರೂ ವಹಿಗೆ ಅದು ಕಾಣುತ್ತಿರಲಿಲ್ಲ.

1970ರ ದಶಕದ ಆರಂಭದಲ್ಲಿ ನಾನು ದಾವಣಗೆರೆಯ ಅಂಥದೇ ಒಂದು ವಠಾರದಲ್ಲಿ ಓದುತ್ತಿದ್ದೆ. ಏಳು ಮನೆಗಳಿಗೆ ಮಾಲೀಕರ ಮನೆಯ ಮೀಟರೊಂದೇ. ಬಲ್ಬಿಗೆ ಇಷ್ಟು, ರೇಡಿಯೋಗೆ ಇಷ್ಟು ಎಂದು ಲೈಟಿನ ಹಣ ಕೊಡಬೇಕಾಗಿತ್ತು. ರಾತ್ರಿ ಹತ್ತಾಯಿತೆಂದರೆ ಮೇನ್ ಸ್ವಿಚ್ಚು ಆರುತ್ತಿತ್ತು. ಪರೀಕ್ಷೆಯ ದಿನಗಳಲ್ಲಿ ನನಗೆ ಬೀದಿದೀಪವೇ ಗತಿ. ಬಾಡಿಗೆದಾರನು ಅನುಭವಿಸುತ್ತಿರುವ ಸೌಕರ್ಯವನ್ನು ಮಾಲೀಕನು ಹೀಗೆ ಕಡಿತಗೊಳಿಸಬಾರದೆಂದು 1961ರ ಬಾಡಿಗೆ ನಿಯಂತ್ರಣ ಕಾಯಿದೆ ಆಗಲೇ ಹೇಳಿತ್ತು. ಆದರೆ ಅದನ್ನು ನಮಗೆ ಹೇಳುವವರು ಯಾರು!

ಆಮೇಲೆ ಮನೆಮನೆಗೂ ಸಬ್ ಮೀಟರು ಬಂತು. ಇನ್ನು ನ್ಯಾಯ ದೊರೆಯಿತೆಂದು ಹಿಗ್ಗಿದೆವು. ತಿಂಗಳ ಕೊನೆಯಲ್ಲಿ ಕೂಡಿ ನೋಡಿದರೆ ಏಳು ಸಬ್ ಮೀಟರುಗಳ ಮೊತ್ತ ಮುಖ್ಯ ಮೀಟರಿಗೆ ಹೊಂದುತ್ತಲೇ ಇರಲಿಲ್ಲ. ಬಚ್ಚಲಿನ ದೀಪ, ಬಾವಿಯ ಮೋಟಾರು, ಹಳೆಯ ತಂತಿಯಲ್ಲಾಗುವ ನಷ್ಟ, ಯಾರೂ ಪರೀಕ್ಷಿಸದ, ಮೊಹರಿಲ್ಲದ ಅಗ್ಗದ ಮೀಟರು ಎಲ್ಲವೂ ಆ ವ್ಯತ್ಯಾಸದಲ್ಲಿ ಅಡಗಿದ್ದವು. ವ್ಯತ್ಯಾಸವನ್ನು ಏಳು ಪಾಲು ಮಾಡಲಾಗುತ್ತಿತ್ತು. ಒಂದೇ ಬಲ್ಬಿನ ವಿಧವೆಗೂ ಇಸ್ತ್ರಿಪೆಟ್ಟಿಗೆಯ ಸಂಸಾರಕ್ಕೂ ಸಮಪಾಲು.

ಮುಂದೆ ಕಾನೂನು ಬದಲಾಯಿತು. 1999ರ ಸುಧಾರಣೆಯಲ್ಲಿ ಮಂಡಳಿಯ ಸ್ಥಾನಕ್ಕೆ ಪ್ರಸರಣ ನಿಗಮವೂ, ದರ ನಿಗದಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಬಂದವು. 2002ರಲ್ಲಿ ದಾವಣಗೆರೆ ಜಿಲ್ಲೆ ಬೆಸ್ಕಾಂ ವ್ಯಾಪ್ತಿಗೆ ಸೇರಿತು. 2003ರ ವಿದ್ಯುಚ್ಛಕ್ತಿ ಕಾಯಿದೆಯ 12ನೆಯ ಕಲಮಿನಂತೆ ಪರವಾನಗಿ ಇಲ್ಲದವರು ವಿದ್ಯುತ್ತನ್ನು ವಿತರಿಸುವಂತಿಲ್ಲ. 55ನೆಯ ಕಲಮಿನಂತೆ ಸರಿಯಾದ ಮೀಟರಿಲ್ಲದೆ ಪೂರೈಸುವಂತಿಲ್ಲ. ಮೀಟರುಗಳ ಗುಣಮಟ್ಟ, ಪರೀಕ್ಷೆ, ಮೊಹರುಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ನಿಯಮಗಳು ವಿಧಿಸಿದವು. ಬಂದ ಬಿಲ್ಲನ್ನು ಮಾಲೀಕನು ಹಂಚಿ ವಸೂಲು ಮಾಡುವುದು ಬೇರೆ, ಲಾಭವಿಟ್ಟು ವಿದ್ಯುತ್ತನ್ನು ಮಾರುವುದು ಬೇರೆ. ಖಾಸಗಿ ಸಬ್ ಮೀಟರು ಹಂಚಿಕೆಯ ಸಾಧನ ಮಾತ್ರ. ಅದರಿಂದ ಬಾಡಿಗೆದಾರನಿಗೆ ವಹಿಯಲ್ಲಿ ಹೆಸರು ಸಿಗುವುದಿಲ್ಲ.

ಇದರ ಬೆಲೆ ಎಷ್ಟೆಂಬುದನ್ನು ಗೃಹಜ್ಯೋತಿ ಯೋಜನೆ ತೋರಿಸಿಕೊಟ್ಟಿತು. 2023ರ ಮೇ ತಿಂಗಳ ದರ ಆದೇಶದಲ್ಲಿ ನೂರು ಯೂನಿಟ್ಟಿನವರೆಗೆ ಯೂನಿಟ್ಟಿಗೆ ರೂ. 4.75, ನೂರು ಮೀರಿದರೆ ಅಷ್ಟೂ ಯೂನಿಟ್ಟುಗಳಿಗೆ ರೂ. 7. ಮೂರು ಮನೆಗಳು ತಲಾ 80 ಯೂನಿಟ್ಟು ಬಳಸುತ್ತವೆನ್ನಿ. ಪ್ರತ್ಯೇಕ ಮೀಟರುಗಳಿದ್ದರೆ ತಲಾ ರೂ. 380, ಒಟ್ಟು ರೂ. 1,140. ಒಂದೇ ಮೀಟರಾದರೆ 240 ಯೂನಿಟ್ಟಿಗೆ ರೂ. 1,680. ನಿಗದಿತ ಶುಲ್ಕ, ತೆರಿಗೆಗಳನ್ನು ಇಲ್ಲಿ ಸೇರಿಸಿಲ್ಲ. ಆ ವರ್ಷದ ಜುಲೈನಿಂದ ಗೃಹಜ್ಯೋತಿ ಜಾರಿಯಾಯಿತು: ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಉಚಿತ. ಸ್ವಂತ ಆರ್.ಆರ್. ಸಂಖ್ಯೆಯುಳ್ಳ ಮನೆಯ ಬಾಡಿಗೆದಾರನೂ ಅರ್ಜಿ ಹಾಕಬಹುದಾಗಿತ್ತು. ಆ ಮೂರು ಸಂಸಾರಗಳಿಗೂ ಸೊನ್ನೆ ಬಿಲ್ಲು ಬರಬೇಕಾಗಿತ್ತು. ಒಂದೇ ಮೀಟರಿನ ದೆಸೆಯಿಂದ ಇನ್ನೂರು ಮೀರಿ ಮೂವರೂ ಪೂರ್ತಿ ತೆತ್ತರು. 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಹಂತಗಳನ್ನು ತೆಗೆದು ಒಂದೇ ದರ ಮಾಡಿದ್ದರಿಂದ ದರದ ನಷ್ಟ ನೀಗಿತು. ಇನ್ನೂರರ ಮಿತಿ ಮಾತ್ರ ಹಾಗೆಯೇ ಉಳಿಯಿತು.

ದೊಡ್ಡ ವಸತಿ ಸಮುಚ್ಚಯಗಳ ಮಾತು ಬೇರೆ. ಸಹಕಾರಿ ವಸತಿ ಸಂಘಗಳಿಗೆ ಒಂದೇ ಬಿಂದುವಿನಲ್ಲಿ ಸಂಪರ್ಕ ಕೊಡಲು 2005ರ ಕೇಂದ್ರ ಆದೇಶ ದಾರಿ ಮಾಡಿತು. 2024ರ ಫೆಬ್ರವರಿಯ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮಗಳ ಪ್ರಕಾರ ಒಂಟಿ ಸಂಪರ್ಕವೋ ಪ್ರತ್ಯೇಕ ಸಂಪರ್ಕವೋ ಎಂಬುದನ್ನು ಮನೆಗಳ ಮಾಲೀಕರ ಬಹುಮತ ನಿರ್ಧರಿಸುತ್ತದೆ. ಮನೆಯ ಬಳಕೆ, ಜನರೇಟರಿನಂಥ ಬದಲಿ ವಿದ್ಯುತ್ತು, ಮೆಟ್ಟಿಲು-ಲಿಫ್ಟುಗಳ ಬಳಕೆ ಈ ಮೂರಕ್ಕೂ ಬೇರೆ ಬೇರೆ ಲೆಕ್ಕವಿರಬೇಕು. ಅಂದು ವಠಾರದಲ್ಲಿ ನಮಗೆ ಬೇಕಾಗಿದ್ದುದು ಇದೇ ಅಲ್ಲವೇ?

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 1990ರ ದಶಕದಲ್ಲಿ ಮನೆ ಕಟ್ಟಿ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಾಗ ನಾನೂ ಸಬ್ ಮೀಟರನ್ನೇ ಹಾಕಿಸಿದೆ. ಬಿಲ್ಲಿನಲ್ಲಿದ್ದ ಅತಿ ಹೆಚ್ಚಿನ ದರವನ್ನೇ ಅವರಿಂದ ಪಡೆಯುತ್ತಿದ್ದೆ. ಅವರ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಒಂದು ಸಂಜೆ ಬಿಲ್ಲು ಹಿಡಿದು ಬಂದು, "ಸರ್, ಮೊದಲ ಯೂನಿಟ್ಟುಗಳಿಗೆ ಕಡಿಮೆ ದರ ಇದೆಯಲ್ಲ, ಅದರಲ್ಲಿ ನಮ್ಮ ಪಾಲೆಷ್ಟು?" ಎಂದು ವಿನಯದಿಂದಲೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೆಚ್ಚುವರಿ ಹಣವನ್ನು ಮುಂದಿನ ಬಾಡಿಗೆಯಲ್ಲಿ ಕಳೆದೆ. ಆ ವರ್ಷವೇ ಅವರ ಭಾಗಕ್ಕೆ ಪ್ರತ್ಯೇಕ ಮೀಟರು ತೆಗೆಸಿದೆ.

ಆದುದರಿಂದ ಮನೆ ಕಟ್ಟುವವರಿಗೆ ನನ್ನ ಮಾತಿಷ್ಟೇ: ಪ್ರತಿ ಮನೆಗೂ ಪ್ರತ್ಯೇಕ ಸಂಪರ್ಕ ಪಡೆಯಿರಿ, ಮೋಟಾರಿಗೂ ಮೆಟ್ಟಿಲಿನ ದೀಪಕ್ಕೂ ಇನ್ನೊಂದು ಮೀಟರಿರಲಿ, ಬಾಡಿಗೆ ಕರಾರಿನಲ್ಲಿ ಆರ್.ಆರ್. ಸಂಖ್ಯೆಯನ್ನು ನಮೂದಿಸಿರಿ. ನನ್ನ ವಿದ್ಯಾರ್ಥಿ ಮೂರು ಅರ್ಜಿಗಳನ್ನು ಹಾಕುವೆನೆಂದು ಹೇಳಿ ಹೋಗಿದ್ದಾನೆ. ಬಾಡಿಗೆಗಿರುವ ನಮ್ಮ ಮಕ್ಕಳು ಒಮ್ಮೆ ಬಿಲ್ಲನ್ನು ಕೇಳಿ ನೋಡಲಿ. ಕೇಳುವುದರಲ್ಲಿ ಅವಿನಯವೇನೂ ಇಲ್ಲ.