‘ಡಯಾಸ್ಪೊರಾ’: ಒಂದು ಪದದ ಚರಿತ್ರೆ

‘ಡಯಾಸ್ಪೊರಾ’ ಎಂಬ ಇಂಗ್ಲಿಷ್ ಪದವು ಮೂಲತಃ ಗ್ರೀಕ್ ಭಾಷೆಯದು. ‘ದಿಯಾ’ ಎಂದರೆ ಉದ್ದಗಲಕ್ಕೂ. ‘ಸ್ಪೈರೊ’ ಎಂದರೆ ಬಿತ್ತು. ‘ಸ್ಪೋರ್’, ‘ಸ್ಪೊರಾಡಿಕ್’ ಎಂಬ ಪದಗಳೂ ಇದೇ ಧಾತುವಿನ ಸಂತಾನ. ಕನ್ನಡದಲ್ಲಿ ಬಿತ್ತುವುದು ಬೇರೆ, ಚೆದರಿಸುವುದು ಬೇರೆ. ಒಂದರಲ್ಲಿ ಬೆಳೆಯ ಆಸೆಯುಂಟು, ಇನ್ನೊಂದರಲ್ಲಿಲ್ಲ. ಗ್ರೀಕ್ ಧಾತುವು ಎರಡು ಅರ್ಥಗಳನ್ನೂ ಹೊತ್ತಿತ್ತು.

ಕ್ರಿ. ಪೂ. 431ರಲ್ಲಿ ಅಥೆನ್ಸಿನವರು ಈಜಿನಾ ದ್ವೀಪದ ಜನರನ್ನು ಹೊರದೂಡಿದರು. ಅವರಲ್ಲಿ ಕೆಲವರಿಗೆ ಸ್ಪಾರ್ಟಾ ನೆಲೆಯಿತ್ತಿತು. ಉಳಿದವರು ಗ್ರೀಸಿನ ಇತರೆಡೆಗಳಿಗೆ ಚೆದರಿದರೆಂದು ಹೇಳುವಲ್ಲಿ ಥುಸಿಡಿಡೀಸ್ ಈ ‘ಬಿತ್ತು’ ಧಾತುವನ್ನೇ ಬಳಸಿದನು. ‘ಡಯಾಸ್ಪೊರಾ’ ಎಂಬ ನಾಮಪದವೇ ಅಲ್ಲಿದೆಯೆಂದು ಕೆಲವರು ಬರೆದಿರುವುದು ಸರಿಯಲ್ಲ. ಆ ನಾಮಪದಕ್ಕೆ ಪ್ರತಿಷ್ಠೆ ದೊರೆತದ್ದು ಹೀಬ್ರೂ ಧರ್ಮಗ್ರಂಥದ ಗ್ರೀಕ್ ಅನುವಾದದಿಂದ. ಅದರ ಮೊದಲ ಐದು ಕಾಂಡಗಳು ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿ ಭಾಷಾಂತರಗೊಂಡವು. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದಲ್ಲಿ ಈ ಪದವು ಶಾಪದ ಮಾತಾಗಿ ಬರುತ್ತದೆ. ಸೆರೆಯ ಗಡೀಪಾರನ್ನು ಸೂಚಿಸುವ ‘ಗಾಲೂತ್’ ಎಂಬ ಹೀಬ್ರೂ ಪದಕ್ಕಾದರೋ ಅನುವಾದಕರು ಬೇರೆ ಪದಗಳನ್ನು ಆಯ್ದರೆಂಬುದು ಗಮನಾರ್ಹ.

ಇಂಗ್ಲಿಷಿನಲ್ಲಿ ಬಹುಕಾಲ ಈ ಪದವು ಮುಖ್ಯವಾಗಿ ಯೆಹೂದ್ಯರನ್ನೇ ಕುರಿತಿತ್ತು. 1965ರಲ್ಲಿ ದಾರ್-ಎಸ್-ಸಲಾಮಿನಲ್ಲಿ ನೆರೆದ ಇತಿಹಾಸಕಾರರ ಸಮ್ಮೇಳನದಲ್ಲಿ ಜಾರ್ಜ್ ಶೆಪರ್ಸನ್ ಇದನ್ನು ಆಫ್ರಿಕನರಿಗೆ ಅನ್ವಯಿಸಿ ಪ್ರಬಂಧ ಮಂಡಿಸಿದರು. ಮುಂದೆ ಪದದ ವ್ಯಾಪ್ತಿ ಹಿಗ್ಗಿತು. ಭಾರತ ಸರ್ಕಾರವು 2000ದಲ್ಲಿ ಎಲ್. ಎಂ. ಸಿಂಘ್ವಿಯವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದಾಗ ಅದರ ಹೆಸರಿನಲ್ಲೇ ಈ ಪದವಿತ್ತು. ಒಮ್ಮೆ ಶಾಪವಾಗಿದ್ದುದು ಹೀಗೆ ಅಭಿಮಾನದ ನುಡಿಯಾಯಿತು.

ಆದರೆ ಆ ಸಮಿತಿಯ ದೃಷ್ಟಿ ದೇಶದ ಗಡಿಯಾಚೆಗೆ. ಮುಂಬಯಿಯ ಕನ್ನಡಿಗನು ಗಡಿಯೊಳಗಿನವನು. ಊರು ತೊರೆದು ಹೊಸ ನೆಲದಲ್ಲಿ ಬೇರೂರಿದವನಾದುದರಿಂದ ಧಾತ್ವರ್ಥ ಮಾತ್ರ ಅವನಿಗೆ ಸಲ್ಲುತ್ತದೆ. ಕಾಸರಗೋಡಿನ ಕನ್ನಡಿಗನಿಗೆ ಅದೂ ಸಲ್ಲದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವನು ಮನೆಯಿಂದ ಹೆಜ್ಜೆಯನ್ನೂ ಕಿತ್ತಿರಲಿಲ್ಲ. ಬೀಜ ಬಿದ್ದಲ್ಲೇ ಇದ್ದಿತು, ಹೊಲದ ಬದು ಮಾತ್ರ ಸರಿಯಿತು. ‘ಹೊರನಾಡ ಕನ್ನಡಿಗ’ ಎಂಬ ನಮ್ಮ ಮಾತು ಈ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ. ಒಬ್ಬನ ಪ್ರಶ್ನೆ ಮಕ್ಕಳಿಗೆ ನುಡಿಯನ್ನು ದಾಟಿಸುವುದು. ಇನ್ನೊಬ್ಬನದು ಹುಟ್ಟಿದ ನೆಲದಲ್ಲೇ ಶಾಲೆ, ಕಚೇರಿಗಳಲ್ಲಿ ಆ ನುಡಿಯ ಹಕ್ಕು. ಹೆಸರು ಒಂದಾದ ಮಾತ್ರಕ್ಕೆ ಪರಿಹಾರವೂ ಒಂದೆಂದು ಬಗೆದರೆ ಇಬ್ಬರಿಗೂ ನಷ್ಟ.