ಎಣಿಕೆ ಯಾವ ಬಾಗಿಲಲ್ಲಿ?

ವಿಶ್ವವಿದ್ಯಾನಿಲಯದ ಬಾಗಿಲು ಯಾರಿಗೆ ತೆರೆದಿದೆ ಎಂದು ಕೇಳಿದರೆ ‘ಎಲ್ಲರಿಗೂ’ ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಕಾನೂನಿನ ದೃಷ್ಟಿಯಿಂದ ಈ ಉತ್ತರ ಸರಿಯೇ. ಆದರೆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ. ಆ ಬಾಗಿಲಿನವರೆಗೆ ಬಂದು ತಲುಪಿದವರು ಯಾರು? ಒಳಗೆ ಹೋದ ಮೇಲೆ ಅನ್ನ, ವಸತಿ ದೊರೆತು ಓದು ಮುಗಿಸಿದವರು ಯಾರು? ಪದವಿ ಪತ್ರ ಹಿಡಿದು ಹೊರಗೆ ಬಂದವರಲ್ಲಿ ತಕ್ಕ ಉದ್ಯೋಗ ಪಡೆದವರು ಯಾರು? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಒಂದು ಬಾಗಿಲಲ್ಲಿ ನಿಂತು ಎಣಿಸಿದವನಿಗೆ ಸಿಗುವ ಲೆಕ್ಕ ಇನ್ನೊಂದು ಬಾಗಿಲಲ್ಲಿ ನಿಂತವನಿಗೆ ಸಿಗುವುದಿಲ್ಲ.

ಮೀಸಲಾತಿ, ಪ್ರತಿಭೆ, ಅವಕಾಶ ಇವುಗಳ ಬಗೆಗಿನ ಚರ್ಚೆಗಳು ಪರದೆಯ ಮೇಲೆ ಬಹುಬೇಗ ಬಿಸಿಯೇರುತ್ತವೆ. ಅದಕ್ಕೆ ಮುಂಚೆ ನಮ್ಮ ನಾಡಿನಲ್ಲೇ ನಡೆದ ಒಂದು ದೀರ್ಘ ಪ್ರಯೋಗದ ಕಥೆ ನಿಮಗೆ ತಿಳಿದಿದ್ದರೆ ಒಳ್ಳೆಯದು. ಪ್ರಯೋಗ ಎಂಬ ಮಾತನ್ನು ವಿಜ್ಞಾನದ ವಿದ್ಯಾರ್ಥಿಯಾಗಿದ್ದವನ ಅಭ್ಯಾಸದಿಂದಲೇ ಬಳಸುತ್ತಿದ್ದೇನೆ. ಇಲ್ಲಿಯೂ ಅಳತೆಗೋಲುಗಳಿದ್ದವು, ಅವು ಬದಲಾದಂತೆ ಫಲಿತಾಂಶಗಳೂ ಬದಲಾದವು.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದು ಸ್ಥಾಪಿಸಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಮೊದಲ ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿ, ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅಲ್ಲಿಯವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಓದಿದವರಿಗೆ ಪದವಿ ಕೊಡುತ್ತಿದ್ದದ್ದು ಮದರಾಸಿನ ವಿಶ್ವವಿದ್ಯಾನಿಲಯ. ಈಗ ನಮ್ಮದೇ ಆದ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನಿಂದ ಹೊರಬಂದವರು ಎಲ್ಲಿಗೆ ಹೋಗುತ್ತಿದ್ದರು? ಆ ಕಾಲದಲ್ಲಿ ಪದವೀಧರನಿಗೆ ಉದ್ಯೋಗ ಎಂದರೆ ಬಹುಮಟ್ಟಿಗೆ ಸರ್ಕಾರಿ ಉದ್ಯೋಗವೇ. ಆ ಉದ್ಯೋಗಗಳಲ್ಲಿ ಬ್ರಾಹ್ಮಣರ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಈ ವಿಷಯವನ್ನು ಮರುವರ್ಷವೇ ಮಹಾರಾಜರ ಮುಂದಿಟ್ಟಿತು. ಅದರ ಪರಿಣಾಮವಾಗಿ 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ನೇಮಕಕ್ಕೆ ಜಾತಿಯನ್ನು ಪರಿಗಣಿಸುವ ಕ್ರಮ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅವರು ದಿವಾನಗಿರಿಯನ್ನು ಬಿಟ್ಟರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕು ಎಂಬುದು ಅದರ ಮುಖ್ಯ ಸಲಹೆ. ಅಂದರೆ ಮಿಲ್ಲರ್ ಎಣಿಸಿದ್ದು ಕೊನೆಯ ಬಾಗಿಲಲ್ಲಿ, ಉದ್ಯೋಗದ ಬಾಗಿಲಲ್ಲಿ. ಇಬ್ಬರೂ ಹಿರಿಯರ ನಿಲುವಿನಲ್ಲಿ ಒಂದೊಂದು ಸತ್ಯವಿತ್ತು. ವಿದ್ಯೆ ಹರಡಿದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ದಿವಾನರ ನಂಬಿಕೆ. ಉದ್ಯೋಗದ ಭರವಸೆ ಕಾಣದೆ ಯಾವ ತಂದೆ ತಾನೇ ಹೊಲದ ಕೆಲಸ ಬಿಡಿಸಿ ಮಗನನ್ನು ಓದಿಗೆ ಕಳಿಸಿಯಾನು ಎಂಬುದು ಎದುರು ಪಕ್ಷದ ಪ್ರಶ್ನೆ.

ಹಾಗಾದರೆ ನಡುವಿನ ಬಾಗಿಲಿನ ಗತಿಯೇನು? ಹಳ್ಳಿಯ ಹುಡುಗ ಪಟ್ಟಣದ ಕಾಲೇಜಿಗೆ ಸೇರಿದ ದಿನವೇ ಎದುರಾಗುವ ಪ್ರಶ್ನೆ ಪಠ್ಯಪುಸ್ತಕದ್ದಲ್ಲ. ರಾತ್ರಿ ಎಲ್ಲಿ ಮಲಗುವುದು, ಬೆಳಿಗ್ಗೆ ಏನು ತಿನ್ನುವುದು ಎಂಬುದೇ ಅದು. ಬಡ ಬ್ರಾಹ್ಮಣ ವಿದ್ಯಾರ್ಥಿಗಳು ವಾರಾನ್ನ ಉಂಡು ಓದಿದರು. ದಿನಕ್ಕೊಂದು ಮನೆಯಲ್ಲಿ ಊಟ. ಆ ಬದುಕಿನ ಸಂಕೋಚ, ಹಸಿವು ಎರಡೂ ನಿಜ. ಆದರೆ ವಾರಾನ್ನಕ್ಕೂ ಪಟ್ಟಣದಲ್ಲಿ ತಮ್ಮವರ ಏಳು ಮನೆಗಳಿರಬೇಕು. ಒಕ್ಕಲು ಮಕ್ಕಳಿಗೆ, ಕುರುಬರ, ನೇಕಾರರ ಮಕ್ಕಳಿಗೆ ಆ ಏಳು ಮನೆಗಳು ಇರಲಿಲ್ಲ. ಅಸ್ಪೃಶ್ಯರೆಂದು ಕರೆಸಿಕೊಂಡವರಿಗಂತೂ ಶಾಲೆಯ ಒಳಗೆ ಕೂರುವುದೇ ಹೋರಾಟವಾಗಿತ್ತು.

ಈ ಕೊರತೆಯನ್ನು ತುಂಬಿದ್ದು ಉಚಿತ ವಿದ್ಯಾರ್ಥಿ ನಿಲಯಗಳು. 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದಂತಹ ಸಮುದಾಯ ಸಂಸ್ಥೆಗಳು, ಚಿತ್ರದುರ್ಗ, ಧಾರವಾಡ, ಸಿದ್ಧಗಂಗೆಯ ಮಠಗಳು ಅನ್ನ, ವಸತಿಯ ಹೊಣೆ ಹೊತ್ತವು. ಮಲೆನಾಡಿನ ಕುಪ್ಪಳಿಯಿಂದ ಓದಲು ಬಂದ ಕೆ.ವಿ. ಪುಟ್ಟಪ್ಪನವರದು ಜಮೀನಿದ್ದ ಮನೆತನ. ಆದರೂ ಮೈಸೂರಿನಲ್ಲಿ ಅವರಿಗೆ ನೆಲೆಯಾದದ್ದು ಅಲ್ಲಿನ ರಾಮಕೃಷ್ಣ ಆಶ್ರಮ. 1929ರಲ್ಲಿ ಎಂ.ಎ. ಮುಗಿಸಿದ ಅವರು 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಪ್ರತಿಭೆ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಭೆಗೂ ಮಲಗಲು ಒಂದು ಜಾಗ ಬೇಕು.

ಸ್ವಾತಂತ್ರ್ಯದ ನಂತರ, ರಾಜ್ಯದ ಏಕೀಕರಣದ ನಂತರ ವೈದ್ಯಕೀಯ, ಇಂಜಿನಿಯರಿಂಗ್ ಸೀಟುಗಳಿಗೆ ನೂಕುನುಗ್ಗಲು ಶುರುವಾಯಿತು. ಯಾರು ಹಿಂದುಳಿದವರು ಎಂದು ತೀರ್ಮಾನಿಸಲು 1960ರಲ್ಲಿ ಡಾ. ನಾಗನಗೌಡ ಸಮಿತಿ ನೇಮಕವಾಯಿತು. ಈ ಸಮಿತಿ ಎಣಿಸಿದ್ದು ಕಾಲೇಜಿಗೂ ಮುಂಚಿನ ಬಾಗಿಲಲ್ಲಿ. ಪ್ರತಿ ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳು ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿದ್ದಾರೆ ಎಂಬುದು ಅದರ ಮಾನದಂಡ. ರಾಜ್ಯದ ಸರಾಸರಿ 6.9 ಎಂದು ಬಂತು. ಲಿಂಗಾಯತರದು 7.1, ಒಕ್ಕಲಿಗರದು ಸುಮಾರು 5, ಮುಸಲ್ಮಾನರದೂ ಸುಮಾರು 5. ಈ ಸಂಖ್ಯೆಗಳನ್ನು ಮತ್ತೊಮ್ಮೆ ಓದಿ. ‘ಮುಂದುವರಿದ’ ಎನ್ನಬಹುದಾದ ಸಮುದಾಯದಲ್ಲೂ ಸಾವಿರಕ್ಕೆ ಏಳು ಮಕ್ಕಳು ಮಾತ್ರ ಆ ತರಗತಿಗಳಲ್ಲಿದ್ದರು! ಇಡೀ ನಾಡೇ ಬಾಗಿಲ ಹೊರಗಿದ್ದ ಕಾಲ ಅದು.

1962ರಲ್ಲಿ ಸರ್ಕಾರ ಈ ಕಾಲೇಜುಗಳ ಸೀಟುಗಳಲ್ಲಿ ಶೇಕಡ 68ನ್ನು ಕಾದಿರಿಸಿತು: ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಅದೇ ವರ್ಷ ಸುಪ್ರೀಂ ಕೋರ್ಟು ಬಾಲಾಜಿ ಮೊಕದ್ದಮೆಯಲ್ಲಿ ಈ ಆಜ್ಞೆಯನ್ನು ತಳ್ಳಿಹಾಕಿತು. ರಾಜ್ಯದ ಸುಮಾರು ಶೇಕಡ 90ರಷ್ಟು ಜನರನ್ನು ಹಿಂದುಳಿದವರೆಂದು ಎಣಿಸಿದಂತಾಯಿತು, ಜಾತಿಯೊಂದೇ ಅಳತೆಯಾಗಬಾರದು, ಕಾದಿರಿಸುವಿಕೆ ಸಾಮಾನ್ಯವಾಗಿ ಅರ್ಧದೊಳಗಿರಬೇಕು ಎಂದು ಹೇಳಿತು. ದೇಶವೆಲ್ಲ ಇಂದಿಗೂ ಚರ್ಚಿಸುವ ಶೇಕಡ 50ರ ಮಿತಿಯ ಬೇರು ಇರುವುದು ನಮ್ಮ ರಾಜ್ಯದ ಈ ಸೀಟುಗಳ ವ್ಯಾಜ್ಯದಲ್ಲಿ.

1963ರಲ್ಲಿ ಸರ್ಕಾರ ಅಳತೆಗೋಲನ್ನೇ ಬದಲಾಯಿಸಿತು. ಜಾತಿಯನ್ನು ಬಿಟ್ಟು ಆದಾಯ ಮತ್ತು ವೃತ್ತಿಯನ್ನು ಹಿಡಿಯಿತು. ಕುಟುಂಬದ ವಾರ್ಷಿಕ ಆದಾಯ 1,200 ರೂಪಾಯಿಯ ಮಿತಿಯೊಳಗಿದ್ದು, ಬೇಸಾಯ, ಕೈಕಸುಬು, ಸಣ್ಣ ವ್ಯಾಪಾರ, ಕೆಳದರ್ಜೆಯ ನೌಕರಿ, ದೈಹಿಕ ದುಡಿಮೆ ಇವುಗಳಲ್ಲಿ ಒಂದನ್ನು ನಂಬಿದ ಮನೆಯ ಮಗ ಅರ್ಹ. ನೋಡಲು ಇದು ಬಹಳ ನ್ಯಾಯವಾದ ಅಳತೆ. ಆದರೆ ಒಂದೇ ಆದಾಯದ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಅಜ್ಜ ಶಾನುಭೋಗ, ಸೋದರಮಾವ ಬೆಂಗಳೂರಿನಲ್ಲಿ ಗುಮಾಸ್ತ. ಇನ್ನೊಂದರಲ್ಲಿ ಕಾಗದ ಬಂದರೆ ಓದಿಸಲು ಊರಾಚೆ ಹೋಗಬೇಕು. ಆದಾಯ ಒಂದೇ ಆದರೂ ಹಿನ್ನೆಲೆ ಒಂದೇ ಅಲ್ಲ. ಕೈಯಲ್ಲಿರುವ ಹಣವನ್ನು ಎಣಿಸಬಹುದು, ಮನೆಯಲ್ಲಿರುವ ತಿಳಿವಳಿಕೆಯನ್ನು, ಪಟ್ಟಣದಲ್ಲಿರುವ ನಂಟನ್ನು ಎಣಿಸುವುದು ಕಷ್ಟ.

ಈ ಕಷ್ಟವನ್ನು ಗಂಭೀರವಾಗಿ ಎದುರಿಸಿದ್ದು 1972ರಲ್ಲಿ ದೇವರಾಜ ಅರಸರ ಸರ್ಕಾರ ನೇಮಿಸಿ, 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರು ಆಯೋಗ. ಆಯೋಗ ಮನೆಮನೆಯ ಸಮೀಕ್ಷೆ ನಡೆಸಿತು. ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರ ಲೆಕ್ಕವನ್ನೂ, ಸರ್ಕಾರಿ ಸೇವೆಯಲ್ಲಿದ್ದವರ ಲೆಕ್ಕವನ್ನೂ ಎದುರುಬದುರಾಗಿಟ್ಟು ನೋಡಿತು. ಓದಿನ ಬಾಗಿಲು, ಉದ್ಯೋಗದ ಬಾಗಿಲು ಎರಡರಲ್ಲೂ ನಿಂತು ಎಣಿಸಿದ ಹಿರಿಮೆ ಅದರದು. ಅದರ ಪಟ್ಟಿಯನ್ನು ಎಲ್ಲರೂ ಒಪ್ಪಲಿಲ್ಲ. ವಿಧಾನಸಭೆಯಿಂದ ಬೀದಿಯವರೆಗೆ ವಿವಾದವೆದ್ದಿತು. ಆದರೆ ಅಲ್ಲಿಯವರೆಗೆ ಹೆಸರೇ ಕೇಳಿರದ ಸಣ್ಣ ಸಣ್ಣ ಸಮುದಾಯಗಳು ಸರ್ಕಾರದ ಕಾಗದದ ಮೇಲೆ ಕಾಣಿಸಿಕೊಂಡದ್ದು ಆಗಲೇ.

ಅಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆರೆದಿತ್ತು, ಹಣದ ಬಾಗಿಲು. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಲು 1984ರಲ್ಲಿ ರಾಜ್ಯ ಕಾಯಿದೆ ಮಾಡಬೇಕಾಯಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜುಗಳ ದರ ಹೀಗಿತ್ತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಿಗೆ ಕರ್ನಾಟಕದವರು 25,000, ಹೊರರಾಜ್ಯದವರು 60,000. ಜಾತಿಯ ಮೀಸಲಾತಿಗೆ ಪ್ರತಿಭೆಯ ಹೆಸರಿನಲ್ಲಿ ಕೇಳಿಬಂದ ಆಕ್ಷೇಪ ಹಣದ ಈ ಮೀಸಲಾತಿಗೆ ಅಷ್ಟೇ ಜೋರಾಗಿ ಕೇಳಿಬಂದಿತೇ ಎಂಬುದನ್ನು ನೀವೇ ಯೋಚಿಸಿ. 1993ರ ಉನ್ನಿಕೃಷ್ಣನ್ ತೀರ್ಪಿನ ನಂತರ, 1994ರಲ್ಲಿ ನಮ್ಮ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದವರಿಗೆ ಪ್ರತ್ಯೇಕ ಪಾಲು ಬಂತು. ಹಳ್ಳಿ ಮತ್ತು ಭಾಷೆ ಕೂಡ ಹಿನ್ನೆಲೆಯೇ ಎಂದು ಒಪ್ಪಿಕೊಂಡಂತಾಯಿತು. ಪ್ರವೇಶ ಪರೀಕ್ಷೆ ಬಂದ ಕೂಡಲೇ ಅದಕ್ಕೆ ತಯಾರಿ ಮಾಡಿಸುವ ದುಬಾರಿ ಕೋಚಿಂಗ್ ಕೇಂದ್ರಗಳೂ ಬಂದವು ಎಂಬುದನ್ನು ಮರೆಯುವಂತಿಲ್ಲ.

ಈ ನೂರು ವರ್ಷಗಳಲ್ಲಿ ಆದದ್ದು ಸಣ್ಣ ಬದಲಾವಣೆಯಲ್ಲ. ಕೇಂದ್ರ ಸರ್ಕಾರದ 2021–22ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 18ರಿಂದ 23ರ ವಯೋಮಾನದ ಜನಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣದ ದಾಖಲಾತಿ ಶೇಕಡ 28.4. ಪರಿಶಿಷ್ಟ ಜಾತಿಗಳಲ್ಲಿ 25.9, ಪರಿಶಿಷ್ಟ ಪಂಗಡಗಳಲ್ಲಿ 21.2. ಅಂತರ ಉಳಿದಿದೆ, ಆದರೆ ಅದು 1918ರ ಅಂತರವಲ್ಲ.

ಇಷ್ಟಾದರೂ ಈ ಸಂಖ್ಯೆಗಳು ಹೇಳುವುದು ದಾಖಲಾತಿಯ ಬಾಗಿಲಿನ ಸುದ್ದಿಯನ್ನು ಮಾತ್ರ. ಯಾವ ಕಾಲೇಜು, ಯಾವ ವಿಷಯ, ಎಷ್ಟನೆಯ ವರ್ಷದಲ್ಲಿ ಓದು ನಿಂತಿತು, ಪದವಿಯ ನಂತರ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಮಿಲ್ಲರ್ ಕಾಲದಲ್ಲಿ ಪದವೀಧರರಿಗೆ ಉದ್ಯೋಗ ಕೊಡುತ್ತಿದ್ದದ್ದು ಸರ್ಕಾರ. ಅದರ ಲೆಕ್ಕ ಸರ್ಕಾರದ ಪುಸ್ತಕದಲ್ಲೇ ಇತ್ತು. ಇಂದು ಒಳ್ಳೆಯ ಉದ್ಯೋಗಗಳಲ್ಲಿ ಬಹುಪಾಲು ಖಾಸಗಿ ಕಂಪನಿಗಳಲ್ಲಿವೆ. ಅಲ್ಲಿ ಸಂದರ್ಶನದ ಇಂಗ್ಲಿಷು, ಹೇಳಿಕಳಿಸುವ ಪರಿಚಯಸ್ಥರು, ಸಂಬಳವಿಲ್ಲದೆ ಆರು ತಿಂಗಳು ನಗರದಲ್ಲಿ ತರಬೇತಿ ಪಡೆಯುವ ಶಕ್ತಿ ಇವೆಲ್ಲ ಅಂಕಪಟ್ಟಿಯಷ್ಟೇ ತೂಗುತ್ತವೆ. ಆ ಬಾಗಿಲಲ್ಲಿ ನಿಂತು ಎಣಿಸುವವರು ಈಗ ಬಹಳ ಕಡಿಮೆ.

ಆದ್ದರಿಂದ ಚರ್ಚೆಯನ್ನು ನೋಡುವಾಗ ಒಂದು ಕೆಲಸ ಮಾಡಿ. ಯಾರಾದರೂ ಒಂದು ಅಂಕಿಯನ್ನು ಮುಂದಿಟ್ಟರೆ ಅದನ್ನು ಯಾವ ಬಾಗಿಲಲ್ಲಿ ಎಣಿಸಿದ್ದು ಎಂದು ಮೊದಲು ಕೇಳಿಕೊಳ್ಳಿ. ನಿಮ್ಮ ಊರಿನ ಕಾಲೇಜಿನ ಬಗ್ಗೆಯೂ ವಿಚಾರಿಸಿ: ಮೊದಲ ವರ್ಷಕ್ಕೆ ಸೇರಿದವರಲ್ಲಿ ಕೊನೆಯ ವರ್ಷದವರೆಗೆ ಉಳಿದವರೆಷ್ಟು, ಹಾಸ್ಟೆಲಿನಲ್ಲಿ ಜಾಗ ಸಿಗದೆ ಊರಿಗೆ ಮರಳಿದವರೆಷ್ಟು, ಪದವಿ ಪಡೆದ ಹೆಣ್ಣುಮಕ್ಕಳಲ್ಲಿ ಕೆಲಸಕ್ಕೆ ಹೋದವರೆಷ್ಟು. ಪ್ರಾಂಶುಪಾಲರ ಬಳಿ ಮೊದಲ ಪ್ರಶ್ನೆಗೆ ಉತ್ತರವಿರಬಹುದು. ಉಳಿದ ಎರಡಕ್ಕೆ ಲೆಕ್ಕವಿಡುವಂತೆ ಕೇಳುವ ಹಕ್ಕು ಆ ಮಕ್ಕಳ ತಂದೆತಾಯಿಗಳಾದ ನಿಮಗಿದೆ.